ತಪ್ಪಿದ ಸಾಲಿನವರೆಗೆ ಮಾತ್ರ

ಚಿನ್ನುವಿನ ನೋಟ್‌ಬುಕ್ ದಿನೇ ದಿನೇ ತೆಳ್ಳಗಾಗುತ್ತಿತ್ತು.

ಕಂಪಲಾಪುರದ ಹತ್ತಿರದ ಹಳ್ಳಿಯ ಹುಡುಗಿ, ಮೂರನೇ ತರಗತಿ. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಸಾಕು, ಇಡೀ ಹಾಳೆಯನ್ನೇ ಹರಿದು ಉಂಡೆ ಮಾಡಿ ಒಲೆಗೆ ಎಸೆಯುತ್ತಿದ್ದಳು. ಆಮೇಲೆ ಅಳು. ಅದನ್ನು ನೋಡಲಾರದೆ ತಾಯಿ ಪದ್ಮಶ್ರೀ ತಾನೇ ಪೆನ್ಸಿಲ್ ಹಿಡಿದು ಹೋಂವರ್ಕ್ ಬರೆದುಕೊಡುತ್ತಿದ್ದಳು. ಈಗ ಪರೀಕ್ಷೆ ಹತ್ತಿರ ಬಂದಿತ್ತು. ಪರೀಕ್ಷೆಯಲ್ಲಿ ಅಮ್ಮ ಪಕ್ಕದಲ್ಲಿ ಕೂರುವುದಿಲ್ಲ. ಮೂರು ದಿನದಿಂದ ಚಿನ್ನುವಿಗೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಶಾಲೆಯ ಗಂಟೆ ಹೊಡೆದ ಮೇಲೆ ವಾಸಿಯಾಗುತ್ತಿತ್ತು.

ಶನಿವಾರ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ಪ್ರಿಯಾ ಮನೆಗೆ ಬಂದಳು. ಅವಳು ಹುಡುಕಿಕೊಂಡು ಬಂದದ್ದು ಪದ್ಮಶ್ರೀಯ ಅತ್ತೆ ಕುಳ್ಳಮ್ಮನನ್ನು. ಈಚಲು ಗರಿಯ ಚಾಪೆ ಹೆಣೆಯುವವಳು ಊರಲ್ಲಿ ಈಗ ಅವಳೊಬ್ಬಳೇ.

“ಅಜ್ಜಿ, ಭಾನುವಾರ ಮಕ್ಕಳಿಗೆ ಚಾಪೆ ಹೆಣೆಯೋದು ಹೇಳ್ಕೊಡ್ತೀರಾ? ಲೈಬ್ರರಿ ಜಗಲೀಲಿ ಕೂರುಸ್ತೀನಿ. ಚಿನ್ನೂನೂ ಕರ್ಕೊಂಡ್ ಬನ್ನಿ.”

ಕುಳ್ಳಮ್ಮ ಬಾಯಿ ತೆರೆಯುವ ಮೊದಲೇ ಪದ್ಮಶ್ರೀ ಅಡುಗೆಮನೆಯಿಂದ ಬಂದಳು. “ಅಲ್ಲ ಕಣೇ ಪ್ರಿಯಾ, ಪುಸ್ತಕ ಕೊಡೋಳು ನೀನು, ಈಗ ಚಾಪೆ ಇಡ್ಕಂಡ್ ಬಂದ್ಯಾ? ಪ್ಲಾಸ್ಟಿಕ್ ಚಾಪೆ ಮನೆ ಬಾಗ್ಲಿಗೇ ಬತ್ತದೆ. ನಾನಂತೂ ಏಳನೇ ಕ್ಲಾಸಿಗೇ ಸ್ಕೂಲ್ ಬುಟ್ಟೆ. ಇವಳಾದ್ರೂ ಓದ್ಲಿ.”

“ಓದ್ಲಿ ಅಂತಾನೇ ಪದ್ಮಕ್ಕ ಕರೀತಿರೋದು. ಚಾಪೆ ಮಾರ್ಕೊಂಡು ಬದುಕ್ಲಿ ಅಂತ ನಾನಂದ್ನಾ? ಕೈಯಲ್ಲಿ ಒಂದು ವಸ್ತು ಮಾಡ್ತಾ ಮಕ್ಕಳು ಹೊಸದು ಯೋಚ್ನೆ ಮಾಡ್ತಾರೆ. ತಪ್ಪಾದ್ರೆ ಮುಂದೇನು ಅನ್ನೋದೂ ತಿಳೀತದೆ. ಅದನ್ನ ಬಾಯಲ್ಲಿ ಹೇಳಿದ್ರೆ ತಲೆಗೆ ಹತ್ತಲ್ಲ.”

“ನಮ್ ಚಿನ್ನು ಅದನ್ನೂ ಕಿತ್ತು ಒಲೆಗಾಕ್ತಾಳೆ, ನೋಡ್ತಿರು.”

“ಹಾಕ್ಲಿ ಬುಡು, ನೀರಾದ್ರೂ ಕಾಯ್ತದೆ” ಎಂದಳು ಕುಳ್ಳಮ್ಮ.

ಭಾನುವಾರ ಕುಳ್ಳಮ್ಮ ಗರಿಯ ಮುಳ್ಳನ್ನೆಲ್ಲ ತಾನೇ ಸವರಿ, ನೀರಲ್ಲಿ ನೆನೆಸಿ ಮಕ್ಕಳ ಕೈಗೆ ಕೊಟ್ಟಳು. “ಒಂದು ಎತ್ತು, ಒಂದು ಒತ್ತು. ಇಷ್ಟೇಯ.” ಸ್ವಲ್ಪ ಹೊತ್ತಿಗೇ ಚಿನ್ನುವಿನ ಹೆಣಿಗೆ ಒಂದು ಪಕ್ಕಕ್ಕೆ ವಾಲಿತು. ಅವಳ ಕೈ ಕೀಳಲು ಹೋಯಿತು.

“ತಡಿಯಮ್ಮಿ. ಎಲ್ಲಿ ತಪ್ತು?”

“ಎಲ್ಲಾನೂ ತಪ್ಪು!”

“ಎಲ್ಲಾ ತಪ್ಪಾಗಕ್ಕೆ ನೀನು ಹೆಣೆದಿರೋದೇ ಗೇಣುದ್ದ ಇಲ್ವಲ್ಲೇ. ಬೆರಳಲ್ಲಿ ಮುಟ್ಕೊಂಡು ಹಿಂದಕ್ಕೋಗು.”

ಚಿನ್ನು ಮುಟ್ಟುತ್ತಾ ಹೋದಳು. ಮೂರು ಸಾಲು ಹಿಂದೆ ಎರಡು ಗರಿ ಒಟ್ಟಿಗೇ ಎದ್ದಿದ್ದವು.

“ಅಲ್ಲೀಗಂಟ ಬಿಚ್ಚು. ಅದಕ್ಕಿಂತ ಒಂದು ಸಾಲೂ ಜಾಸ್ತಿ ಬಿಚ್ಬೇಡ. ಸರಿಯಾಗಿರೋದು ನಿಂಗೇನ್ ಮಾಡ್ತು?”

ಸೋಮವಾರವೂ ಹೊಟ್ಟೆನೋವು ತಪ್ಪಲಿಲ್ಲ. ಹೊಟ್ಟೆ ವಾಸಿಯಾದ ಮೇಲೆ ಚಿನ್ನು ಮನೆಯಲ್ಲೇ ಹೆಣಿಗೆ ಮುಂದುವರಿಸಿದಳು. ಮತ್ತೆ ತಪ್ಪಿತು. ಅಲ್ಲೇ ಇಟ್ಟು ಪಕ್ಕದ ಮನೆಗೆ ಹೋದಳು. ಪದ್ಮಶ್ರೀ ಅದನ್ನು ನೋಡಿದಳು. ಅತ್ತೆಯ ಕೈ ನೋಡಿ ನೋಡಿ ಅವಳಿಗೂ ಹೆಣೆಯುವುದು ಗೊತ್ತಿತ್ತು. ಹತ್ತೇ ನಿಮಿಷದಲ್ಲಿ ತಪ್ಪು ತೆಗೆದು, ಮೇಲೆ ನಾಲ್ಕು ಸಾಲು ಅಂದವಾಗಿ ಸೇರಿಸಿಟ್ಟಳು.

ಚಿನ್ನು ಬಂದು ಬೆರಳಾಡಿಸಿದಳು. “ಇದು ನಾನು ಮಾಡಿದ್ದಲ್ಲ.”

“ಚೆನ್ನಾಗದಲ್ಲ ಪುಟ್ಟಿ?”

“ಇದು ನಿಂದು. ನೀನೇ ಇಟ್ಕೊ.” ಎಸೆದು ಹೋದಳು.

ಕುಳ್ಳಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಹೇಳಿದಳು: “ನೀನು ಮಾಡ್ಕೊಟ್ಟಾಗೆಲ್ಲ ಮಗೀಗೆ ಏನ್ ಕೇಳುಸ್ತದೆ ಗೊತ್ತಾ ಪದ್ಮಾ? ‘ನಿನ್ ಕೈಲಿ ಆಗಲ್ಲ ಬುಡು’ ಅಂತ ಕೇಳುಸ್ತದೆ.”

ಪದ್ಮಶ್ರೀಗೆ ನೋಟ್‌ಬುಕ್ಕಿನಲ್ಲಿದ್ದ ತನ್ನದೇ ಅಕ್ಷರ ನೆನಪಾಯಿತು. ಅವಳು ಕೆಳಗೆ ಕೂತು ತಾನು ಹೆಣೆದದ್ದನ್ನು ಬಿಚ್ಚತೊಡಗಿದಳು. ಅಂದವಾಗಿದ್ದ ಸಾಲುಗಳು, ಬಿಚ್ಚಲು ಮನಸ್ಸು ಬರಲಿಲ್ಲ, ಆದರೂ ಬಿಚ್ಚಿದಳು. ಮಗಳ ಸೊಟ್ಟ ಸಾಲು ಬಂದಾಗ ನಿಲ್ಲಿಸಿ ಕೂಗಿದಳು.

“ತಗೊ ಚಿನ್ನು. ನಾನಿನ್ ಮುಟ್ಟಲ್ಲ.”

ಮಾರನೆಯ ದಿನ ಸಂಜೆಗೆ ಮಣೆಯಷ್ಟಗಲದ ಪುಟ್ಟ ಚಾಪೆ ಮುಗಿಯಿತು. ಒಂದು ಮೂಲೆ ಮೇಕೆಯ ಕಿವಿಯ ಹಾಗೆ ಎದ್ದು ನಿಂತಿತ್ತು. ಬುಧವಾರ ಬೆಳಿಗ್ಗೆ ಎಂಟು ಹೊಡೆಯಿತು, ಹೊಟ್ಟೆನೋವಿನ ಸುದ್ದಿಯಿಲ್ಲ. ಚಾಪೆಯನ್ನು ಮಿಸ್ಸಿಗೆ ತೋರಿಸಬೇಕಿತ್ತು.

ಪರೀಕ್ಷೆಯ ದಿನ ಚಿನ್ನು ತಾನೇ ಎದ್ದು ಹೊರಟಳು. ವಾರದ ನಂತರ ತಿದ್ದಿದ ಹಾಳೆ ಮನೆಗೆ ಬಂತು. ಹತ್ತಕ್ಕೆ ಆರು. ಪದ್ಮಶ್ರೀ ನೋಡುತ್ತಾ ನಿಂತದ್ದು ಅಂಕವನ್ನಲ್ಲ. ಒಂದು ಲೆಕ್ಕದಲ್ಲಿ ಒಂದೇ ಒಂದು ಸಾಲಿಗೆ ಗೀಟು ಹಾಕಿ, ಕೆಳಗೆ ಮತ್ತೆ ಬರೆಯಲಾಗಿತ್ತು.

“ಹರೀಲಿಲ್ವಾ ಮಗ?”

“ಯಾಕಮ್ಮ ಹರೀಲಿ? ಮೂರನೇ ಸಾಲಲ್ಲಿ ತಪ್ಪಿತ್ತು. ಮೇಲಿನ ಎರಡು ಸರಿ ಇತ್ತಲ್ಲ.”

ಮುಂದಿನ ಭಾನುವಾರ ಗರಿ ನೆನೆಸುವ ಬಕೆಟ್ಟನ್ನು ಲೈಬ್ರರಿಗೆ ಹೊತ್ತು ತಂದವಳು ಪದ್ಮಶ್ರೀ. “ಏನ್ ಪದ್ಮಕ್ಕ, ಪ್ಲಾಸ್ಟಿಕ್ ಚಾಪೆಯವರು ಬಂದ್ರಾ ಮನೆತಾವ?” ಎಂದು ಪ್ರಿಯಾ ಕೆಣಕಿದಳು. ಪದ್ಮಶ್ರೀ ನಕ್ಕು ಮಗಳ ಪಕ್ಕ ಕೂತಳು. ಚಿನ್ನು ಒಂದು ಗರಿ ತಪ್ಪಿಸಿದಾಗ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಇಟ್ಟುಕೊಂಡಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಬುಟ್ಟಿ ಹೆಣೆಯುವ, ಹಗ್ಗ ಹೊಸೆಯುವ, ಮಣ್ಣಿನಲ್ಲಿ ಎತ್ತು ಮಾಡುವ ಹಿರಿಯರು ಇದ್ದೇ ಇರುತ್ತಾರೆ. ವಾರಕ್ಕೆ ಒಂದು ಗಂಟೆ ಮಕ್ಕಳನ್ನು ಅವರ ಪಕ್ಕ ಕೂರಿಸಿ. ಶಾಲೆ ತಪ್ಪಿಸಿ ಬೇಡ, ಮಾರಾಟಕ್ಕಾಗಿ ದುಡಿಸುವುದು ಬೇಡ. ಮುಳ್ಳು, ಕತ್ತಿಯ ಕೆಲಸ ದೊಡ್ಡವರೇ ಮಾಡಲಿ. ಮಗುವಿನ ಕೈ ತಪ್ಪಿದಾಗ ಮಾತ್ರ ಸ್ವಲ್ಪ ಸುಮ್ಮನಿರಿ. ತಪ್ಪಿದ ಸಾಲನ್ನು ಮಗುವೇ ಹುಡುಕಿಕೊಳ್ಳಲಿ.