ಹೆಣ್ಣಿನ ಕಡೆಯವರ ಬೆಂಚು

ನಾನು ಹಲಸಿನ ಮರದ ಒಂದು ಬೆಂಚು. ಗೋವಾದ ನದಿದಂಡೆಯ ಊರೊಂದರಲ್ಲಿ ಇನಾಸ್ ಎಂಬ ಬಡಗಿ ನನ್ನನ್ನು ಮಾಡಿದ. ಮೈಗೆ ಪಾಲಿಶ್ ಹಚ್ಚಿಸಿ, ಬರೋಕ್ ಶೈಲಿಯ ಹಳೆಯ ಕೆಥೆಡ್ರಲ್‌ಗೆ ತಂದು ಎಡಗಡೆಯ ಮೊದಲ ಸಾಲಿನಲ್ಲಿ ಇಟ್ಟರು. ಮದುವೆಗಳಲ್ಲಿ ಅದು ಹೆಣ್ಣಿನ ಕಡೆಯವರ ಜಾಗ.

ಎದುರಿಗೆ ಚಿನ್ನದ ಲೇಪದ ಬಲಿಪೀಠ, ಸುರುಳಿ ಸುತ್ತಿದ ಕಂಬಗಳು, ಗಲ್ಲ ಉಬ್ಬಿದ ದೇವದೂತರು. ಪ್ರವಾಸಿಗರು ಹೆಚ್ಚಾದ ಮೇಲೆ ಮೊದಲ ಸಾಲಿಗೆ ಹಗ್ಗ ಕಟ್ಟಿದರು. ದಿನವಿಡೀ ಜನ ಬರುತ್ತಿದ್ದರು, ಕತ್ತೆತ್ತಿ ಚಾವಣಿ ನೋಡುತ್ತಿದ್ದರು, ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಅಷ್ಟು ಜನರಲ್ಲಿ ಒಬ್ಬರ ಕೈಯೂ ನನ್ನ ಮೈಗೆ ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಸ್ತೂರಿ ತನ್ನ ತಾಯಿ ಫಕೀರವ್ವನನ್ನು ಕರೆತಂದಳು. ಗದಗಿನ ಕಡೆಯವರು. ಕಸ್ತೂರಿ ಇಲ್ಲಿಯೇ ಆಗ್ನೆಲ್ ಎಂಬ ಕ್ರೈಸ್ತನನ್ನು ಮದುವೆಯಾಗಿದ್ದಳು. ಅಂದಿನಿಂದ ತವರಿನಲ್ಲಿ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆಯೇ ತಾಯಿ ಮಗಳ ಮನೆಗೆ ಬರುವಂತಾದದ್ದು.

ಮಗಳು ಬಲಿಪೀಠ ತೋರಿಸಿದಳು, ಗೋಡೆಯ ಚಿತ್ರಗಳ ಕಥೆ ಹೇಳಿದಳು. ಫಕೀರವ್ವ ಯಾವುದನ್ನೂ ಸರಿಯಾಗಿ ನೋಡಲಿಲ್ಲ.

"ಮದುವಿ ದಿವ್ಸ ನಮ್ಮ ಕಡೆಯವ್ರು ಎಲ್ಲಿ ಕುಂದರಬೇಕಿತ್ತು?" ಎಂದು ಕೇಳಿದಳು.

ಕಸ್ತೂರಿ ನನ್ನತ್ತ ಕೈ ತೋರಿಸಿದಳು. "ಇಲ್ಲೇ ಅವ್ವಾ. ಖಾಲಿನ ಇತ್ತು."

ಆ ದಿನ ನನಗೂ ನೆನಪಿತ್ತು. ಮದುಮಗಳು ತಿರುಗಿ ತಿರುಗಿ ಬಾಗಿಲು ನೋಡುತ್ತಿದ್ದಳು. ಪಾದ್ರಿಗಳೂ ಸ್ವಲ್ಪ ಹೊತ್ತು ಕಾದಿದ್ದರು.

ಫಕೀರವ್ವ ಹಗ್ಗ ಎತ್ತಿ ಒಳಗೆ ನುಸುಳಿ ನನ್ನ ಮೇಲೆ ಕುಳಿತಳು. ಕಾವಲುಗಾರ ಬಂದು ಇಲ್ಲಿ ಕೂರುವಂತಿಲ್ಲ ಎಂದ. ಕಸ್ತೂರಿ ಅವನಿಗೆ ಕೊಂಕಣಿಯಲ್ಲಿ ಎಲ್ಲ ಹೇಳಿದಳು. ಅವನು ಬಾಗಿಲ ಕಡೆ ಹೋದ.

"ಅವತ್ತ ಎಲ್ಲಿ ನಿಂತಿದ್ದಿ, ಅಲ್ಲೇ ಹೋಗಿ ನಿಂದ್ರು," ಎಂದಳು ತಾಯಿ. "ನಾ ನೋಡತೀನಿ."

ಕಸ್ತೂರಿ ಹೋಗಿ ನಿಂತಳು. ಮೈಮೇಲೆ ಮಾಸಿದ ಚೂಡಿದಾರ, ಹೆಗಲಿಗೆ ನೀರಿನ ಬಾಟಲಿಯ ಚೀಲ. ಫಕೀರವ್ವ ಎರಡೂ ಕೈಯಿಂದ ನನ್ನ ಅಂಚು ಹಿಡಿದು ನೋಡುತ್ತಲೇ ಇದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಮಗಳಿಗೆ ಕಾಣಲಿಲ್ಲ. ಅವಳ ಮುಖ ಬಲಿಪೀಠದ ಕಡೆಗಿತ್ತು.

ಮುಂದಿನ ಮಳೆಗಾಲದಲ್ಲಿ ಕಸ್ತೂರಿ ಒಬ್ಬಳೇ ಬಂದಳು. ಕಾವಲುಗಾರ ಅವ್ವನ ಬಗ್ಗೆ ವಿಚಾರಿಸಿದ. ತೀರಿಕೊಂಡಳು ಎಂದಳು. ಅವನೇ ಹಗ್ಗ ಬಿಚ್ಚಿದ. ಅವಳು ತಾಯಿ ಕೂತಿದ್ದ ಜಾಗವನ್ನು ಬಿಟ್ಟು, ಅದರ ಪಕ್ಕದಲ್ಲಿ ಕೂತಳು.

ಆಮೇಲೆ ನೆಲದ ತೇವಕ್ಕೆ ನನ್ನ ಕಾಲುಗಳು ಲಡ್ಡಾದವು. ಈಗ ಹಿಂದಿನ ಕತ್ತಲೆ ಕೋಣೆಯಲ್ಲಿ, ರೆಕ್ಕೆ ಮುರಿದ ದೇವದೂತನ ಪಕ್ಕದಲ್ಲಿದ್ದೇನೆ. ಗೋಡೆಯಾಚೆ ಪ್ರವಾಸಿಗರ ಹೆಜ್ಜೆಗಳು ಕೇಳಿಸುತ್ತವೆ. ಅವುಗಳಲ್ಲಿ ಕಸ್ತೂರಿಯದು ಯಾವುದೋ ನನಗೆ ತಿಳಿಯುವುದಿಲ್ಲ. ನನ್ನ ಜಾಗಕ್ಕೆ ಹೊಸ ಬೆಂಚು ಬಂದಿದೆಯಂತೆ. ಅವಳು ಬಂದರೆ, ಅವ್ವ ಕೂತ ಜಾಗ ಎಲ್ಲಿ ಹೋಯಿತೆಂದು ಯಾರನ್ನು ಕೇಳಬೇಕು?