ಪ್ರಾತ್ಯಕ್ಷಿಕೆಗೊಬ್ಬ ರೋಗಿ

ಆರೋಗ್ಯ ಕೇಂದ್ರಕ್ಕೆ ದೂರದ ಡಾಕ್ಟರನ್ನು ಪರದೆಯ ಮೇಲೆ ತರುವ ಟೆಲಿಮೆಡಿಸಿನ್ ಯಂತ್ರ ಬಂದು ತಿಂಗಳುಗಳೇ ಆಗಿದ್ದವು. ಬಂದದ್ದು ಬಂದ ಹಾಗೆಯೇ ಇತ್ತು. ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳಬಾರದೆಂದು ಸಾಹೇಬರ ಅಪ್ಪಣೆ, ಕಿತ್ತರೆ ಹಳೆಯದಾಗುತ್ತದಂತೆ. ಇಂಟರ್ನೆಟ್ ಲೈನು ಸಿಗುತ್ತಿದ್ದದ್ದು ಕಕ್ಕಸಿನ ಕಿಟಕಿಯ ಬಳಿ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ. ಹಾಗಾಗಿ ಸಿಸ್ಟರ್ ಯಾವುದಾದರೂ ಕಾಯಿಲೆಯ ಬಗ್ಗೆ ದೊಡ್ಡಾಸ್ಪತ್ರೆಯ ಡಾಕ್ಟರನ್ನು ಕೇಳಬೇಕಾದಾಗ ಸ್ವಂತ ಫೋನು ಹಿಡಿದುಕೊಂಡು ಕಕ್ಕಸಿಗೆ ಓಡುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳು, ಪಾಪ, ಸಿಸ್ಟರಿಗೇ ಹೊಟ್ಟೆ ಸರಿಯಿಲ್ಲ, ನಮಗೇನು ಔಷಧಿ ಕೊಟ್ಟಾರು ಎಂದು ಮರುಗುತ್ತಿದ್ದರು.

ಹೀಗಿರುವಾಗ ಯಂತ್ರ ಕೊಟ್ಟ ಸಂಸ್ಥೆಯವರು ಅದು ಬಡವರಿಗೆ ಹೇಗೆ ನೆರವಾಗುತ್ತಿದೆಯೆಂದು ಕಣ್ಣಾರೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಸುದ್ದಿಯ ಹಿಂದೆಯೇ ಸಾಹೇಬರೂ ಬಂದರು. ಸಾಹೇಬರೆಂದರೆ ಇಂಥ ಹಲವು ಕೇಂದ್ರಗಳ ಮೇಲಧಿಕಾರಿ. ನಾಡಿ ಹಿಡಿಯುವುದು ಬಿಟ್ಟು ವರ್ಷಗಳಾಗಿದ್ದರೂ ಮೈಕು ಹಿಡಿಯುವುದನ್ನು ಒಂದು ದಿನವೂ ಬಿಟ್ಟವರಲ್ಲ.

"ನಿಜವಾದ ರೋಗಿ ಮಾತ್ರ ಬೇಡ ಸಿಸ್ಟರ್" ಎಂದರು ಅವರು, ದನಿ ತಗ್ಗಿಸಿ. "ಇನ್ನೊಂದು ಕೇಂದ್ರದಲ್ಲಿ ನಿಜವಾದ ಅಜ್ಜಿಯನ್ನೇ ತಂದು ಕೂರಿಸಿದ್ರು. ಅತಿಥಿಗಳು ಕೇಳಿದ್ದೇ ತಡ, ‘ಈ ಟೀವಿ ನಾನು ಇವತ್ತೇ ನೋಡಿದ್ದು ಮಗಾ’ ಅಂದುಬಿಟ್ಳು. ರೋಗಿಗಳನ್ನ ನಂಬೋಕಾಗಲ್ಲ."

ಸಿಸ್ಟರ್ ಕೆಲಸ ಗುತ್ತಿಗೆಯದು. ವರ್ಷಕ್ಕೊಮ್ಮೆ ಸಾಹೇಬರ ಪೆನ್ನು ಆಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರು ತಲೆಯಾಡಿಸಿದರು. ಆಡುತ್ತಿದ್ದ ತಲೆಯೊಳಗೆ ಆಗಲೇ ಒಬ್ಬ ರೋಗಿ ಎದ್ದು ನಿಂತಿದ್ದ: ಸ್ವಂತ ಮೈದುನ.

ಮೈದುನನಿಗೆ ಊರಿಟ್ಟ ಹೆಸರು ರೇಡಿಯೋ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಎಂದು ಕೂಗುವುದು ಅವನ ಕೆಲಸ. ಬಸ್ಸು ತಡವಾದರೆ ಮ್ಯಾನೇಜರ್ ದನಿಯಲ್ಲಿ ಕ್ಷಮೆ ಕೇಳುತ್ತಿದ್ದ, ಬೇಗ ಬಂದರೆ ಡ್ರೈವರ್ ದನಿಯಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದ್ದ. ಮನೆಯಲ್ಲಿ ಅಣ್ಣನ ಗೊರಕೆ, ಅಮ್ಮನ ಗೊಣಗಾಟ, ಅತ್ತಿಗೆ ಸೂಜಿ ಚುಚ್ಚುವ ಮುಂಚೆ ಹೇಳುವ "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ", ಎಲ್ಲ ಸ್ಟೇಷನ್ನೂ ಬರುತ್ತಿತ್ತು. ಅವನ ಸ್ವಂತ ದನಿ ಯಾವುದೆಂದು ಮದುವೆಯಾಗಿ ಬಂದಂದಿನಿಂದ ಸಿಸ್ಟರಿಗೆ ಗೊತ್ತಾಗಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಜರೂರೂ ಬಿದ್ದಿರಲಿಲ್ಲ.

ತಾಲೀಮು ಜೋರಾಗಿ ನಡೆಯಿತು. ರೇಡಿಯೋ ಎದೆ ಹಿಡಿದುಕೊಂಡು ಬರಬೇಕು, ಮಂಚದ ಮೇಲೆ ನರಳಬೇಕು. ಸಿಸ್ಟರ್ ಇಸಿಜಿ ತೆಗೆಯಬೇಕು. ಪರದೆಯ ಮೇಲೆ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರು ಕಾಣಿಸಿಕೊಂಡು, ಗಾಬರಿ ಬೇಡ, ಒಂದು ಮಾತ್ರೆ ಸಾಕು ಎನ್ನಬೇಕು. ಕೊನೆಗೆ ಸಿಸ್ಟರ್ ಅತಿಥಿಗಳ ಕಡೆ ತಿರುಗಿ, "ಇದು ನಾಟಕವಲ್ಲ, ನಿಜವಾದ ಸೇವೆ" ಎನ್ನಬೇಕು. ಈ ಸಾಲನ್ನು ಸಾಹೇಬರು ಖುದ್ದಾಗಿ ಬರೆದಿದ್ದರು, ಬರೆದು ತಾವೇ ಒಮ್ಮೆ ಕಣ್ಣೊರೆಸಿಕೊಂಡಿದ್ದರು. ತಾಲೀಮಿನಲ್ಲಿ ಇಸಿಜಿ ತೆಗೆಯಲು ಮಾತ್ರ ಬಿಡಲಿಲ್ಲ. ಕಾಗದ ದಂಡ ಎಂದರು.

ರೇಡಿಯೋ ನರಳುವುದರಲ್ಲಿ ಊರಿನ ಎಲ್ಲ ರೋಗಿಗಳನ್ನೂ ಮೀರಿಸಿದ್ದ. ಒಂದೇ ಕೊರತೆ, ಬೆವರು ಬರುತ್ತಿರಲಿಲ್ಲ. ಹಣೆಗೆ ನೀರು ಚಿಮುಕಿಸೋಣವೆಂದು ಸಾಹೇಬರು ಸೂಚಿಸಿದರು.

ಅತಿಥಿಗಳು ಬರುವ ದಿನ ಕೇಂದ್ರವನ್ನು ನೋಡಿ ಕೇಂದ್ರಕ್ಕೇ ನಾಚಿಕೆಯಾಗಬೇಕು. ಸೋರುವ ನಲ್ಲಿಗೆ ಬಟ್ಟೆ ಸುತ್ತಲಾಗಿತ್ತು. ಔಷಧಿ ಬೀರುವಿಗೆ ಕೆಂಪು ರಿಬ್ಬನ್ನು, ಮುಖ್ಯ ಅತಿಥಿ ಕತ್ತರಿಸಲಿಕ್ಕೆ. ಆಂಬುಲೆನ್ಸಿಗೆ ಮೈತುಂಬ ಬಲೂನು. ಮಾಡಿನ ಮೇಲೆ ಇದ್ದಕ್ಕಿದ್ದಂತೆ ಒಂದು ಡಿಶ್ ಮೊಳೆತಿತ್ತು, ಇಂಟರ್ನೆಟ್ ಕಂಪನಿಯ ಹುಡುಗರು ಮುಂಜಾನೆಯೇ ತಂದು ಕೂರಿಸಿದ್ದರು. ಲೈನು ಹಾಲು ಸುರಿದಂತೆ ಬರುತ್ತಿತ್ತು. ಕುರ್ಚಿಗಳನ್ನು ಹೊತ್ತು ಸಾಲಾಗಿ ಹಾಕಿದವನು ರೇಡಿಯೋನೇ. ಹಾಕಿ ಮುಗಿಸಿ, ಯಾಕೋ ಗ್ಯಾಸು ಅಂದ. ವೇದಿಕೆ ಹತ್ತುವ ಮುಂಚೆ ದೊಡ್ಡ ಕಲಾವಿದರಿಗೆಲ್ಲ ಹಾಗಾಗುತ್ತದೆಂದು ಸಿಸ್ಟರ್ ಧೈರ್ಯ ಹೇಳಿದರು.

ಅತಿಥಿಗಳು ಬಂದು ಕೂತರು. ರೇಡಿಯೋ ಎದೆ ಹಿಡಿದುಕೊಂಡು ಒಳಗೆ ಬಂದ. ತಾಲೀಮಿನಷ್ಟು ಚೆನ್ನಾಗಿ ಹಿಡಿದಿಲ್ಲವಲ್ಲ ಎಂದು ಸಿಸ್ಟರಿಗೆ ಬೇಸರವೇ ಆಯಿತು. ಮಂಚದ ಮೇಲೆ ಮಲಗಿದವನು ನರಳಲೂ ಇಲ್ಲ. ಎದೆಗೆ ರಬ್ಬರ್ ಕಪ್ಪುಗಳನ್ನು ಕಚ್ಚಿಸುತ್ತಾ ಸಿಸ್ಟರ್ ಮೆಲ್ಲನೆ ತೊಡೆ ಚಿವುಟಿ ಸನ್ನೆ ಕೊಟ್ಟರು. ಇಲ್ಲ. ಸ್ಟೇಷನ್ನು ಹಿಡಿಯಲೇ ಇಲ್ಲ.

ಪರದೆಯ ಮೇಲೆ ಡಾಕ್ಟರು ತಮ್ಮ ಮುಂದೆ ಮೂಡಿದ ಇಸಿಜಿಯನ್ನು ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಸಾಹೇಬರ ನಾಟಕದಲ್ಲಿ ಕನ್ನಡಕ ಇರಲಿಲ್ಲ.

"ಸಿಸ್ಟರ್, ಇವರಿಗೆ ಹಾರ್ಟ್ ಅಟ್ಯಾಕ್ ಆಗ್ತಿದೆ. ಆಸ್ಪಿರಿನ್ ಅಗಿಯೋಕೆ ಕೊಟ್ಟು ಈಗಲೇ ಇಲ್ಲಿಗೆ ಕಳಿಸಿ."

ಅತಿಥಿಗಳು ಮುಂದಕ್ಕೆ ಬಾಗಿದರು. ಸಾಹೇಬರು ಸಿಸ್ಟರ್ ಕಿವಿಯಲ್ಲಿ, ಡಾಕ್ಟರು ಪಾತ್ರದೊಳಗೆ ಇಳಿದುಬಿಟ್ಟಿದ್ದಾರೆ, ತಡೆಯಬೇಡಿ ಎಂದು ಪಿಸುಗುಟ್ಟಿದರು.

"ಕೇಳಿಸ್ತಾ ಸಿಸ್ಟರ್? ಇದು ನಾಟಕ ಅಲ್ಲ" ಎಂದರು ಡಾಕ್ಟರು.

ಮುಖ್ಯ ಅತಿಥಿ ಚಪ್ಪಾಳೆ ತಟ್ಟಿದರು. ಸಿಸ್ಟರಿಗೆ ಸಿಟ್ಟು ಬಂತು. ಅದು ತಮ್ಮ ಸಾಲು. ಎಲ್ಲರೆದುರು ಆಡಲು ಇದ್ದ ಒಂದೇ ಸಾಲನ್ನೂ ದೊಡ್ಡಾಸ್ಪತ್ರೆಯವರು ಕಸಿದುಕೊಂಡರೆ ಬಡ ಗುತ್ತಿಗೆಯವಳಿಗೆ ಉಳಿದದ್ದೇನು? ಹಾಗೆಂದುಕೊಂಡೇ ಅವರು ಮೈದುನನ ಹಣೆಗೆ ಚಿಮುಕಿಸಲು ನೀರಿನ ಲೋಟಕ್ಕೆ ಕೈ ಹಾಕಿ, ಹಣೆ ನೋಡಿದರು. ಹಣೆ ಆಗಲೇ ಒದ್ದೆಯಾಗಿತ್ತು. ಕತ್ತು, ಎದೆ, ತಲೆದಿಂಬು ಎಲ್ಲ ಒದ್ದೆ.

"ಅತ್ತಿಗೆ" ಎಂದ ಅವನು. "ನಂಗೆ ಆಗ್ತಿಲ್ಲ."

ಅದು ಅಣ್ಣನ ದನಿಯಲ್ಲ, ಮ್ಯಾನೇಜರದಲ್ಲ, ಯಾರದೂ ಅಲ್ಲ. ತೆಳ್ಳಗಿನ, ಸ್ವಲ್ಪ ನಾಚಿಕೆಯ ದನಿ. ಇಷ್ಟು ವರ್ಷ ಒಂದೇ ಸೂರಿನಡಿ ಉಂಡ ಮನುಷ್ಯನ ದನಿಯನ್ನು ಸಿಸ್ಟರ್ ಮೊದಲ ಸಲ ಕೇಳಿದ್ದರು. ಲೋಟ ಬಿಟ್ಟು ಬೀರುವಿನತ್ತ ಓಡಿದರು.

ಆಸ್ಪಿರಿನ್ ಇದ್ದದ್ದು ರಿಬ್ಬನ್ನಿನ ಹಿಂದೆ. ತಟ್ಟೆಯಲ್ಲಿ ಮುಖ್ಯ ಅತಿಥಿಗಾಗಿ ಇಟ್ಟಿದ್ದ ಹೊಸ ಕತ್ತರಿಯನ್ನು ಎತ್ತಿಕೊಂಡು ಸಿಸ್ಟರ್ ಕಚಕ್ಕೆಂದು ಕತ್ತರಿಸಿ ಬೀರು ತೆಗೆದರು. ಸಾಹೇಬರ ಮುಖ ತಮ್ಮದೇ ಹೊಟ್ಟೆಗೆ ಕತ್ತರಿ ಬಿದ್ದಂತಾಯಿತು. ಐದೇ ನಿಮಿಷ, ಅತಿಥಿಗಳ ಭಾಷಣವೊಂದು ಆಗಿಬಿಡಲಿ ಎಂದು ಅವರು ಅಡ್ಡ ಬಂದರು.

"ನಾಟಕ ಮುಗೀತು ಸಾಹೇಬ್ರೆ. ಪಕ್ಕಕ್ಕೆ ನಿಲ್ಲಿ" ಎಂದು ಸಿಸ್ಟರ್ ಮಾತ್ರೆಯನ್ನು ಮೈದುನನ ಬಾಯಿಗಿಟ್ಟು ಅಗಿಸಿದರು.

ಆಂಬುಲೆನ್ಸಿನ ಡ್ರೈವರ್ ಬಾಗಿಲಲ್ಲೇ ಇದ್ದ. ಆದರೆ ಗಾಡಿಯ ಮುಂದೆ ಅತಿಥಿಗಳ ಕಾರುಗಳು ಗೋಡೆ ಕಟ್ಟಿದಂತೆ ನಿಂತಿದ್ದವು. ಅವುಗಳ ಚಾಲಕರು ಟೀ ಕುಡಿಯಲು ರಸ್ತೆಯಾಚೆ ಹೋಗಿದ್ದರು. ಸಿಸ್ಟರ್ ಸಾಹೇಬರ ಕೈಯಿಂದ ಮೈಕು ಕಿತ್ತುಕೊಂಡರು. ಬಾಯಿಗೆ ಬಂದದ್ದು ದಿನಾ ಮನೆಯಲ್ಲಿ ಕೇಳಿ ಕೇಳಿ ಬೇಜಾರಾಗಿದ್ದ ಆ ರಾಗ, ಮೂಗಿನಲ್ಲಿ ಹೊರಟು ಕೊನೆಯಲ್ಲಿ ಎಳೆಯುವ ಬಸ್ ನಿಲ್ದಾಣದ ರಾಗ.

"ಪ್ರಯಾಣಿಕರ ಗಮನಕ್ಕೇ. ದೊಡ್ಡಾಸ್ಪತ್ರೆಗೆ ಹೋಗುವ ಗಾಡಿ ಈಗ ಹೊರಡುತ್ತದೇ. ಅಡ್ಡ ನಿಲ್ಲಿಸಿರುವ ಕಾರುಗಳನ್ನು ಕೂಡಲೇ ತೆಗೆಯುವುದೂ."

ಈ ರಾಗ ಕೇಳಿದರೆ ಯಾರೇ ಆಗಲಿ ಲೋಟ ಬಿಟ್ಟು ಓಡುತ್ತಾರೆ. ಚಾಲಕರೂ ಓಡಿ ಬಂದರು. ಸ್ಟ್ರೆಚರ್ ಮೇಲಿಂದ ಕ್ಷೀಣವಾಗಿ ಕೇಳಿತು:

"ಅತ್ತಿಗೆ, ‘ದಯವಿಟ್ಟು’ ಬಿಟ್ರಿ."

ಬಲೂನುಗಳು ದಾರಿಯುದ್ದಕ್ಕೂ ಪಟಪಟ ಒಡೆಯುತ್ತಾ ಹೋದವು. ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಕಾಯುತ್ತಿದ್ದರು. ಕಟ್ಟಿದ್ದ ರಕ್ತನಾಳ ತೆರೆಯಿತು, ರೇಡಿಯೋ ಉಳಿದುಕೊಂಡ.

ಸಿಸ್ಟರ್ ಕೇಂದ್ರಕ್ಕೆ ಮರಳಿದಾಗ ಮಾಡಿನ ಮೇಲೆ ಡಿಶ್ ಇರಲಿಲ್ಲ. ಅದು ಆ ಒಂದು ದಿನಕ್ಕೆ ತಂದ ಬಾಡಿಗೆ ಲೈನಂತೆ. ಮೈದುನನ ಎದೆ ಒಂದು ದಿನ ತಡವಾಗಿ ಕೈಕೊಟ್ಟಿದ್ದರೆ ಅವರು ಫೋನು ಹಿಡಿದು ಕಕ್ಕಸಿನ ಕಿಟಕಿಯಲ್ಲಿ ನೇತಾಡುತ್ತಿರಬೇಕಿತ್ತು. ಪರದೆಗೆ ಮತ್ತೆ ಪ್ಲಾಸ್ಟಿಕ್ ಹೊದಿಸಲಾಗಿತ್ತು.

ಕೆಲವು ವಾರಗಳ ನಂತರ, ರೇಡಿಯೋ ಮನೆಯಲ್ಲಿ ದಿಂಬಿಗೊರಗಿ ಕೂತಿದ್ದಾಗ, ಸಾಹೇಬರ ಫೋನು ಬಂತು. ಅತಿಥಿಗಳು ಬಹಳ ಮೆಚ್ಚಿದ್ದಾರೆ. ಇಷ್ಟು ಸಹಜವಾದ ಪ್ರಾತ್ಯಕ್ಷಿಕೆ ಎಲ್ಲೂ ನೋಡಿಲ್ಲವಂತೆ. ಇನ್ನೊಂದು ಕೇಂದ್ರದಲ್ಲೂ ಅದನ್ನೇ ಮಾಡಿಸಬೇಕು, ಅದೇ ರೋಗಿ ಬೇಕು, ಆ ಬೆವರಂತೂ ಬೇಕೇ ಬೇಕು. ಸಿಸ್ಟರ್ ಗುತ್ತಿಗೆಯ ಕಾಗದ ತಮ್ಮ ಮೇಜಿನ ಮೇಲೇ ಇದೆಯೆಂದೂ ಸಾಹೇಬರು ಪ್ರೀತಿಯಿಂದ ನೆನಪಿಸಿದರು. ಹಾಗಾದರೆ ಬಾಡಿಗೆ ಲೈನನ್ನು ಇಲ್ಲೇ ಕಾಯಂ ಮಾಡಿಸಿ ಎಂದರು ಸಿಸ್ಟರ್. ಅದಕ್ಕೆಲ್ಲ ಮೇಲಿನವರು ಒಪ್ಪಬೇಕು ಎಂದರು ಸಾಹೇಬರು.

ಸಿಸ್ಟರ್ ಫೋನನ್ನು ಮೈದುನನ ಕೈಗೆ ಕೊಟ್ಟರು. ಅವನು ಗಂಟಲು ಸರಿಮಾಡಿಕೊಂಡ. ಹೊರಬಂದದ್ದು ಹೃದಯದ ಡಾಕ್ಟರ ದನಿ, ಕನ್ನಡಕ ಸಮೇತ.

"ಸಾಹೇಬ್ರೆ, ಈ ರೋಗಿಯನ್ನ ನಾವು ಬಿಡಲ್ಲ. ಈ ಸಲ ನೀವೇ ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿ. ಲೈನು ಇಲ್ಲದ ದಿನ ನೋಡಿ ಮಲಗಿ. ಬೆವರು ತಾನಾಗೇ ಬರುತ್ತೆ."