ಎರೆಭೂತವನ್ನು ಕಂಡ ದುರ್ಬೀನು

ನಾನೊಂದು ದುರ್ಬೀನು. ದೂರದ ಕಾರ್ಖಾನೆಯೊಂದರಲ್ಲಿ ಗಾಜು ಉಜ್ಜುವ ಹೆಂಗಸೊಬ್ಬಳ ಕೈಯಲ್ಲಿ ನನಗೆ ದೃಷ್ಟಿ ಬಂತು. ಅಂಗಡಿಯ ಕಪಾಟಿನಲ್ಲಿ ವರ್ಷವಿಡೀ ಎದುರು ಗೋಡೆಯನ್ನೇ ನೋಡಿದೆ. ಆಮೇಲೆ ಶಾರದಾ ಕಟ್ಟಿಮನಿ ನನ್ನನ್ನು ಕೊರಳಿಗೆ ಹಾಕಿಕೊಂಡರು.

ಶಾರದಾ ಕಾಡುಜೀವಿಗಳ ಅಧ್ಯಯನ ಮಾಡುವವರು. ಸಿರುಗುಪ್ಪದ ಕಡೆಯ ಎರೆಹೊಲಗಳಲ್ಲಿ ಎರೆಭೂತವೆಂಬ ಹಕ್ಕಿಯನ್ನು ಹುಡುಕುವುದು, ಅದರ ಗೂಡು ಕಾಯುವುದು ಅವರ ಕೆಲಸ. ಸೊಂಟದೆತ್ತರದ, ಉದ್ದ ಕತ್ತಿನ ಹಕ್ಕಿ. ಇಡುವುದು ಒಂದೇ ತತ್ತಿ, ಅದೂ ಬರಿ ನೆಲದ ಮೇಲೆ. ಅವರ ಜೊತೆ ಅಲ್ಲಿಯವನೇ ಆದ ಅರಣ್ಯ ಕಾವಲುಗಾರ ಹುಲುಗಪ್ಪ. ಮೂರು ವರ್ಷ ನಾನು ಕಂಡದ್ದು ಹೆಚ್ಚಾಗಿ ಖಾಲಿ ಹುಲ್ಲು.

ನಾಲ್ಕನೆಯ ಮುಂಗಾರಿನಲ್ಲಿ ಹನುಮಕ್ಕ ಎಂಬಾಕೆಯ ಬೀಳುಹೊಲದಲ್ಲಿ ಕಾವಿಗೆ ಕೂತ ಹೆಣ್ಣುಹಕ್ಕಿ ಕಂಡಿತು. ಹತ್ತಿರ ಹೋದರೆ ಹಕ್ಕಿ ಏಳುತ್ತದೆ, ಕಾಗೆ ತತ್ತಿ ಒಡೆಯುತ್ತದೆ. ಶಾರದಾ ದೂರದ ಜಾಲಿ ಮರೆಯಲ್ಲಿ ಕೂತು ನನ್ನ ಮೂಲಕವೇ ಕಾದರು. ಹನ್ನೊಂದನೆಯ ದಿನ ಬೆಳಿಗ್ಗೆ ಹೊಲದಂಚಿಗೆ ಟ್ರ್ಯಾಕ್ಟರ್ ಬಂತು. ಅವರು ಸುತ್ತುದಾರಿಯಲ್ಲಿ ಓಡಿದರು. ನಾನು ಎದೆಗೆ ಬಡಿಯುತ್ತಿದ್ದೆ.

ಮಣ್ಣಿನ ಹದ ಹೋಗುತ್ತದೆ, ಬಿತ್ತದೆ ಬಿಡಲಾರೆ ಎಂದಳು ಹನುಮಕ್ಕ. ಶಾರದಾ ಆಕೆಯ ಪಕ್ಕಕ್ಕೆ ಬಂದು ನಿಂತರು. ನನ್ನನ್ನು ತೆಗೆದು ಆಕೆಯ ಕಣ್ಣಿಗೆ ಹಿಡಿದರು. ಹಕ್ಕಿ ಟ್ರ್ಯಾಕ್ಟರಿನತ್ತಲೇ ನೋಡುತ್ತ, ಕತ್ತನ್ನು ನೆಲಕ್ಕೆ ಒತ್ತಿಕೊಂಡಿತ್ತು. ಹನುಮಕ್ಕ ಬಹಳ ಹೊತ್ತು ನನ್ನನ್ನು ಬಿಡಲಿಲ್ಲ.

“ಇಷ್ಟು ಸಪ್ಪಳಕ್ಕೂ ಏಳವಲ್ದು ನೋಡವ್ವಾ. ಇನ್ನ ಎಷ್ಟು ದಿನ ಬೇಕು ಅದಕ್ಕ?”

“ಹದಿನಾರು ದಿನ, ಅಕ್ಕಾ.”

ಆಕೆ ಟ್ರ್ಯಾಕ್ಟರನ್ನು ಹಿಂದಕ್ಕೆ ಕಳಿಸಿದಳು. ಆ ವರ್ಷ ತಡವಾಗಿ ಬಿತ್ತಿದ ಆಕೆಯ ಸಜ್ಜೆ ಗಿಡ್ಡಗೇ ಉಳಿಯಿತು; ಅದರ ಮಾತನ್ನು ಆಕೆ ಎಂದೂ ಎತ್ತಲಿಲ್ಲ. ತಾಯಿಯ ಹಿಂದೆ ನಡೆದ ಮಣ್ಣುಬಣ್ಣದ ಮರಿಯನ್ನು ಮೊದಲು ಕಂಡವಳೂ ಅವಳೇ.

ಎರಡು ವರ್ಷದ ಮೇಲೆ ತಾಯಿಹಕ್ಕಿ ಕರೆಂಟಿನ ತಂತಿಗೆ ಬಡಿದು ಸತ್ತಿತು. ಶಾರದಾ ರೆಕ್ಕೆ ಅಳೆದು ಬರೆದುಕೊಂಡರು. ಹಕ್ಕಿಗಳಿಗೆ ದೂರದಿಂದಲೇ ಕಾಣಲೆಂದು ತಂತಿಗೆ ಹೊಳೆಯುವ ಬಿಲ್ಲೆ ಕಟ್ಟಿಸಲು ಎರಡು ಬೇಸಿಗೆ ಕಚೇರಿಗಳಿಗೆ ಅಲೆದರು, ಕಟ್ಟಿಸಿದರು. ಆಮೇಲೆ ಬೇರೆ ಕಡೆ ಕೆಲಸ ಬಂದು, ನನ್ನನ್ನು ಹುಲುಗಪ್ಪನಿಗೆ ಕೊಟ್ಟು ಹೋದರು.

ಈಗ ನನ್ನ ಎಡಗಣ್ಣಿಗೆ ಬೂಷ್ಟು ಹಿಡಿದಿದೆ. ಹುಲುಗಪ್ಪನ ಮನೆಯ ಗೂಟದಲ್ಲಿ ತೂಗುತ್ತೇನೆ. ಐದು ವರ್ಷದಿಂದ ನನ್ನೊಳಗೆ ಒಂದು ಎರೆಭೂತವೂ ಬಂದಿಲ್ಲ. ಬಯಲು ನನಗಿಂತ ಬಹಳ ದೊಡ್ಡದು. ನಾನು ಕಾಣದ್ದೆಲ್ಲ ಅಳಿದಿದೆ ಎನ್ನಲಾರೆ. ಹುಲುಗಪ್ಪನೂ ಹಾಗೆನ್ನುವುದಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಬಯಲಿಗೆ ಒಯ್ದು ಒಂದೇ ಕಣ್ಣಿಟ್ಟು ನೋಡಿ, ತಾರೀಖು ಹಾಕಿ ಬರೆಯುತ್ತಾನೆ: ಇವತ್ತು ಕಾಣಲಿಲ್ಲ.